ನಾಯಿಗೆ ಪಾರ್ಕ್ ಹುಡುಕುತ್ತಿದ್ದೀರಾ? ಮೊದಲ ಸಲ ನೀವೊಬ್ಬರೇ ಹೋಗಿ ಬನ್ನಿ

ಹತ್ತಿರದಲ್ಲಿ ಡಾಗ್ ಪಾರ್ಕ್, ಅಂದರೆ ಬೇಲಿಯೊಳಗೆ ನಾಯಿಗಳನ್ನು ಬಿಡುವಾಗಿ ಆಟವಾಡಲು ಬಿಡುವ ಜಾಗ, ಎಲ್ಲಿದೆ ಅಂತ ಫೋನಿನಲ್ಲಿ ಹುಡುಕಿದರೆ ಕ್ಷಣದಲ್ಲಿ ಪಟ್ಟಿ ಬರುತ್ತದೆ. ಅದರಲ್ಲಿ ಜಾಸ್ತಿ ಸ್ಟಾರ್ ಇರುವುದನ್ನು ಆರಿಸಿ, ನಾಯಿಯನ್ನು ಕರೆದುಕೊಂಡು ಹೊರಟುಬಿಡುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಬೇರೆಯವರ ನಾಯಿಗೆ ಒಗ್ಗಿದ ಜಾಗ ನಿಮ್ಮ ನಾಯಿಗೂ ಒಗ್ಗಬೇಕು ಅಂತೇನಿಲ್ಲ. ಒಂದು ಸಲ ಹೆದರಿದ ನಾಯಿ ಅದನ್ನು ಬೇಗ ಮರೆಯುವುದೂ ಇಲ್ಲ. ಪಾರ್ಕಿನಲ್ಲಿ ಯಾವುದೋ ದೊಡ್ಡ ನಾಯಿ ಅಟ್ಟಿಸಿಕೊಂಡು ಬಂದು ಕೆಡವಿದ ಮೇಲೆ, ರಸ್ತೆಯಲ್ಲಿ ಯಾವ ನಾಯಿ ಕಂಡರೂ ಮೈಮೇಲೆ ಬಿದ್ದು ಬೊಗಳುವ ಅಭ್ಯಾಸ ಹತ್ತಿಸಿಕೊಂಡ ನಾಯಿಗಳು ಎಷ್ಟೋ ಇವೆ. ಆ ಭಯ ಬಿಡಿಸಲು ಆಮೇಲೆ ತಿಂಗಳುಗಟ್ಟಲೆ ಒದ್ದಾಡಬೇಕಾಗುತ್ತದೆ. ಅದರ ಬದಲು ಹುಡುಕುವುದಕ್ಕೇ ಒಂದೆರಡು ವಾರ ತೆಗೆದುಕೊಳ್ಳಿ.

ಮೊದಲು ನಿಮ್ಮ ನಾಯಿಯನ್ನು ಗಮನಿಸಿ

ಎಲ್ಲ ನಾಯಿಗಳಿಗೂ ಡಾಗ್ ಪಾರ್ಕ್ ಬೇಕೇ ಬೇಕು ಅನ್ನುವುದು ತಪ್ಪು ತಿಳಿವಳಿಕೆ. ಮರಿಯಾಗಿದ್ದಾಗ ಸಿಕ್ಕಸಿಕ್ಕವರ ಜೊತೆ ಕುಣಿಯುತ್ತಿದ್ದ ನಾಯಿ 2–3 ವರ್ಷಕ್ಕೆ ಬರುವ ಹೊತ್ತಿಗೆ ಅಪರಿಚಿತ ನಾಯಿಗಳಿಂದ ದೂರ ಸರಿಯಬಹುದು. ಅದು ಕಾಯಿಲೆ ಅಲ್ಲ, ಬೆಳೆದ ಲಕ್ಷಣ. ದಾರಿಯಲ್ಲಿ ಬೇರೆ ನಾಯಿ ಕಂಡಾಗ ನಿಮ್ಮದು ಏನು ಮಾಡುತ್ತದೆ? ಮೈ ಸಡಿಲ ಬಿಟ್ಟು ಬಾಲ ಆಡಿಸುತ್ತಾ ಹೋಗುತ್ತದಾ, ನಿಮ್ಮ ಕಾಲ ಹಿಂದೆ ಅಡಗುತ್ತದಾ, ಇಲ್ಲ ಬೆಲ್ಟ್ ಎಳೆದಾಡಿ ಗುರ್ರ್ ಅನ್ನುತ್ತದಾ? ಅಡಗುವ ನಾಯಿಯನ್ನು ಹತ್ತು ನಾಯಿಗಳ ಮಧ್ಯೆ ಬಿಟ್ಟರೆ ಧೈರ್ಯ ಬರುತ್ತದೆ ಅಂತ ಕೆಲವರು ಹೇಳುತ್ತಾರೆ, ಅದನ್ನು ಕೇಳಬೇಡಿ. ಧೈರ್ಯ ಬರುವುದಿಲ್ಲ, ಭಯ ಗಟ್ಟಿಯಾಗುತ್ತದೆ.

ಇನ್ನೊಂದು ಪರೀಕ್ಷೆ ಇದೆ. ಆಟದ ಮಧ್ಯೆ ಹೆಸರು ಹಿಡಿದು ಕರೆದರೆ ಬರುತ್ತದಾ? ಬರುವುದಿಲ್ಲ ಅಂತಾದರೆ ಮೊದಲು ಅದನ್ನು ಕಲಿಸಿ. ಪಾರ್ಕಿನಲ್ಲಿ ಏನಾದರೂ ಎಡವಟ್ಟಾದಾಗ ನಿಮ್ಮ ಕೈಯಲ್ಲಿ ಬೆಲ್ಟ್ ಇರುವುದಿಲ್ಲ, ನಿಮ್ಮ ದನಿ ಒಂದೇ ಇರುತ್ತದೆ.

ಲಸಿಕೆಗಳ ವಿಷಯದಲ್ಲಿ ರಾಜಿ ಬೇಡ. ರೇಬೀಸ್, ಮತ್ತೆ ನಾಯಿಗಳ ಜೀವಕ್ಕೇ ಕುತ್ತು ತರುವ ವೈರಸ್ ರೋಗಗಳಾದ ಡಿಸ್ಟೆಂಪರ್, ಪಾರ್ವೊ ಲಸಿಕೆಗಳು ಆಗಿರಲೇಬೇಕು. ಕೆನಲ್ ಕೆಮ್ಮು (ನಾಯಿಯಿಂದ ನಾಯಿಗೆ ಹರಡುವ ಕೆಮ್ಮು) ಮತ್ತು ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಲಸಿಕೆ ಬೇಕಾ ಅಂತ ನಿಮ್ಮ ಪಶುವೈದ್ಯರನ್ನು ಕೇಳಿ. ಮರಿಗಳಿಗೆ ಮೊದಲ ಸುತ್ತಿನ ಲಸಿಕೆಗಳು ಸಾಮಾನ್ಯವಾಗಿ 16 ವಾರದ ಹೊತ್ತಿಗೆ ಮುಗಿಯುತ್ತವೆ, ಅದಾದ ಮೇಲೂ ಒಂದೆರಡು ವಾರ ಕಾಯಬೇಕು. ಯಾಕೆಂದರೆ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಪಾರ್ಕ್ ಕಣ್ಣಿಗೆ ಎಷ್ಟೇ ಚೊಕ್ಕಟವಾಗಿ ಕಂಡರೂ ಅದು ಅಲ್ಲಿರಬಹುದು. ಹಾಗಂತ ಮರಿಯನ್ನು ಅಲ್ಲಿಯವರೆಗೆ ಮನೆಯೊಳಗೇ ಕೂಡಿಹಾಕಬೇಡಿ. 3ರಿಂದ 14 ವಾರದ ನಡುವಿನ ಕಾಲವೇ ಮರಿ ಹೊರಜಗತ್ತನ್ನು ಕಲಿಯುವ ಕಾಲ. ಎತ್ತಿಕೊಂಡು ಹೊರಗೆ ಓಡಾಡಿಸಿ, ಲಸಿಕೆ ಆಗಿರುವ ಗೊತ್ತಿರುವ ನಾಯಿಯನ್ನು ಮನೆಗೆ ಕರೆಸಿ ಆಟವಾಡಿಸಿ. ಹೀಟ್‌ಗೆ (ಬೆದೆಗೆ) ಬಂದಿರುವ ಹೆಣ್ಣುನಾಯಿಯನ್ನು ಮಾತ್ರ ಆ ಎರಡು ಮೂರು ವಾರ ಪಾರ್ಕಿನ ಹತ್ತಿರವೂ ಕರೆದುಕೊಂಡು ಹೋಗಬೇಡಿ, ಗಂಡುನಾಯಿಗಳ ನಡುವೆ ಜಗಳ ಖಚಿತ.

ಹುಡುಕಾಟ

ಮ್ಯಾಪಿನಲ್ಲಿ ಹುಡುಕುವಾಗ ಸ್ಟಾರ್ ನೋಡಬೇಡಿ, ಬರಹ ಓದಿ. ಅದರಲ್ಲೂ ಹೊಸ ಅಭಿಪ್ರಾಯಗಳನ್ನು ಮತ್ತು ಒಂದೆರಡು ಸ್ಟಾರ್ ಕೊಟ್ಟವರ ದೂರನ್ನು ಮೊದಲು ಓದಿ. "ಪಾರ್ಕಿಂಗ್ ಇಲ್ಲ" ಅನ್ನುವ ದೂರನ್ನು ಬಿಟ್ಟುಬಿಡಬಹುದು. "ಗೇಟ್ ಮುರಿದಿದೆ", "ಒಬ್ಬರ ನಾಯಿ ದಿನಾ ಎಲ್ಲರ ಮೇಲೂ ಬೀಳುತ್ತದೆ", "ಆಟವಾಡಿ ಬಂದ ಮೇಲೆ ಕೆಮ್ಮು ಶುರುವಾಯಿತು" ಅನ್ನುವಂಥ ಮಾತು ಮತ್ತೆ ಮತ್ತೆ ಕಂಡರೆ ಆ ಜಾಗ ಬೇಡ. ಉಪಗ್ರಹ ಚಿತ್ರದಲ್ಲಿ ನೋಡಿದರೆ ಮರದ ನೆರಳು ಎಷ್ಟಿದೆ, ಪಕ್ಕದಲ್ಲೇ ದೊಡ್ಡ ರಸ್ತೆ ಇದೆಯಾ ಅನ್ನುವುದು ಮನೆಯಲ್ಲೇ ಗೊತ್ತಾಗುತ್ತದೆ.

ಆಮೇಲೆ ಜನರನ್ನು ಕೇಳಿ. ಪಶುವೈದ್ಯರಿಗೆ, ನಾಯಿಗೆ ತರಬೇತಿ ಕೊಡುವವರಿಗೆ ಊರಿನ ಪಾರ್ಕುಗಳ ಕತೆ ಚೆನ್ನಾಗಿ ಗೊತ್ತಿರುತ್ತದೆ, ಕಚ್ಚಿಸಿಕೊಂಡ ನಾಯಿಗಳು ಬರುವುದು ಅವರ ಹತ್ತಿರವೇ ಅಲ್ವಾ. "ನಿಮ್ಮ ಸ್ವಂತ ನಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೀರಾ?" ಅಂತ ನೇರವಾಗಿ ಕೇಳಿ. ನಾಯಿಯನ್ನು ಒಳಗೆ ಬಿಡುವ ಎಲ್ಲ ಪಾರ್ಕಿನಲ್ಲೂ ಬೆಲ್ಟ್ ಬಿಚ್ಚಲು ಅನುಮತಿ ಇರುವುದಿಲ್ಲ, ಆ ನಿಯಮವನ್ನೂ ಮೊದಲೇ ತಿಳಿದುಕೊಳ್ಳಿ.

ನಾಯಿ ಇಲ್ಲದೆ ಒಂದು ಭೇಟಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಜನ ಬಿಟ್ಟುಬಿಡುವುದೂ ಇದನ್ನೇ. ನೀವು ಮುಂದೆ ದಿನಾ ಹೋಗಬೇಕು ಅಂದುಕೊಂಡಿರುವ ಹೊತ್ತಿಗೇ ಒಬ್ಬರೇ ಹೋಗಿ, ಬೇಲಿಯ ಹೊರಗೆ ಅರ್ಧ ಗಂಟೆ ನಿಂತು ನೋಡಿ.

ಬೇಲಿ ಸುತ್ತ ಒಂದು ಸುತ್ತು ಹಾಕಿ. ಕನಿಷ್ಠ 5 ಅಡಿ ಎತ್ತರ ಇರಬೇಕು, ಕೆಳಗೆ ತೂರಿಕೊಂಡು ಹೋಗುವ ಸಂದು ಇರಬಾರದು, ಚೂಪಾದ ತಂತಿ ಹೊರಚಾಚಿರಬಾರದು. ಗೇಟ್ ಎರಡು ಇರಬೇಕು, ಮಧ್ಯೆ ಒಂದು ಪುಟ್ಟ ಅಂಗಳದ ಥರ ಜಾಗ ಇರಬೇಕು. ಹೊರಗಿನ ಗೇಟ್ ಮುಚ್ಚಿದ ಮೇಲೆ ಒಳಗಿನದನ್ನು ತೆಗೆದರೆ ಯಾವ ನಾಯಿಯೂ ರಸ್ತೆಗೆ ಓಡುವುದಿಲ್ಲ. ಒಂದೇ ಗೇಟ್ ಇರುವ ಪಾರ್ಕಿಗೆ ನಾನಂತೂ ಯಾರಿಗೂ ಹೋಗಿ ಅನ್ನುವುದಿಲ್ಲ.

ನಿಮ್ಮದು ಚಿಕ್ಕ ನಾಯಿಯಾದರೆ ಚಿಕ್ಕವಕ್ಕೇ ಬೇರೆ ಆವರಣ ಇರುವ ಪಾರ್ಕನ್ನೇ ಆರಿಸಿ. ಇದರಲ್ಲಿ ದೊಡ್ಡ ನಾಯಿಯ ಸ್ವಭಾವದ ಪ್ರಶ್ನೆಯೇ ಇಲ್ಲ. ಎಷ್ಟೇ ಸಾಧು ನಾಯಿಯಾಗಲಿ, ಎದುರಿಗೆ ಚಿಕ್ಕದೊಂದು ಕೀಚ್ ಅಂತ ಕಿರುಚುತ್ತಾ ಓಡಿದರೆ ಆಟ ಒಮ್ಮೆಲೇ ಬೇಟೆಯಾಗಿ ತಿರುಗಿಬಿಡಬಹುದು. ತೂಕದ ವ್ಯತ್ಯಾಸ ಜಾಸ್ತಿ ಇದ್ದಾಗ ಒಂದೇ ಕಡಿತ ಸಾಕು.

ನೆಲ ನೋಡಿ. ಹುಲ್ಲು, ಮರಳು, ಮಣ್ಣು ಏನಿದ್ದರೂ ಸರಿ, ನೀರು ನಿಂತಿರಬಾರದು. ಇಲಿಗಳು ಮೂತ್ರ ಮಾಡಿದ ನಿಂತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರಬಹುದು, ಅದು ಮನುಷ್ಯರಿಗೂ ಅಂಟುವ ರೋಗ. ಹೇಲು ಅಲ್ಲಲ್ಲೇ ಬಿದ್ದಿದ್ದರೆ ಕೊಕ್ಕೆಹುಳು, ಭೇದಿ ತರುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ಎಲ್ಲಾ ಅಲ್ಲೇ ಇವೆ ಅಂತಲೇ ಲೆಕ್ಕ. ಕುಡಿಯುವ ನೀರನ್ನು ಎಲ್ಲ ನಾಯಿಗಳಿಗೂ ಒಂದೇ ಬಟ್ಟಲಲ್ಲಿ ಇಟ್ಟಿದ್ದರೆ ನಿಮ್ಮದನ್ನು ಮನೆಯಿಂದ ತನ್ನಿ. ಸಿಮೆಂಟ್ ಅಥವಾ ಪ್ಲಾಸ್ಟಿಕ್ ಹುಲ್ಲು ಹಾಸಿದ್ದರೆ ಬಿಸಿಲ ಹೊತ್ತಿನಲ್ಲಿ ಅಂಗೈಯ ಹಿಂಭಾಗವನ್ನು 7 ಸೆಕೆಂಡ್ ಒತ್ತಿ ಹಿಡಿದು ನೋಡಿ, ನಿಮಗೆ ತಡೆಯಲಾಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ನೆರಳಿಲ್ಲದ ಪಾರ್ಕ್ ಬೇಡವೇ ಬೇಡ. ಅಂಚಿನಲ್ಲಿ ಕಣಗಿಲೆ ಗಿಡ ಇದೆಯಾ ಅಂತಲೂ ಕಣ್ಣಾಡಿಸಿ, ಅದರ ಎಲೆ ನಾಯಿಗೆ ವಿಷ.

ಇಷ್ಟೆಲ್ಲಾ ಸರಿ ಇದ್ದರೂ ಕೊನೆಗೆ ತೀರ್ಮಾನ ಆಗುವುದು ಅಲ್ಲಿ ಬರುವ ಜನರಿಂದ. ಅವರು ತಮ್ಮ ನಾಯಿಗಳನ್ನು ನೋಡುತ್ತಿದ್ದಾರಾ, ಫೋನ್ ನೋಡುತ್ತಿದ್ದಾರಾ? ಆಟ ಜೋರಾದಾಗ ಯಾರಾದರೂ ಎದ್ದು ಬಂದು ತಮ್ಮದನ್ನು ಕರೆಯುತ್ತಾರಾ? ಒಂದು ನಾಯಿ ಇನ್ನೊಂದರ ಬೆನ್ನೇರಿ ಕಾಡಿಸುತ್ತಿರುವಾಗ "ಅವವೇ ಸರಿಮಾಡಿಕೊಳ್ಳುತ್ತವೆ ಬಿಡಿ" ಅಂತ ಕೂತಿರುವ ಗುಂಪು ಕಂಡರೆ ವಾಪಸ್ ಬನ್ನಿ. ಸಾಧಾರಣ ಬೇಲಿ ಇದ್ದು ಎಚ್ಚರದ ಜನ ಇರುವ ಪಾರ್ಕು, ಅದ್ಭುತ ಹುಲ್ಲುಹಾಸು ಇದ್ದು ಯಾರೂ ಗಮನ ಕೊಡದ ಪಾರ್ಕಿಗಿಂತ ಎಷ್ಟೋ ಮೇಲು.

ನಾಯಿಗಳನ್ನೂ ಓದಲು ಕಲಿಯಿರಿ. ಒಳ್ಳೆಯ ಆಟದಲ್ಲಿ ಮುಂಗಾಲು ಚಾಚಿ ಹಿಂಭಾಗ ಮೇಲೆತ್ತಿ ಕರೆಯುವುದು ಇರುತ್ತದೆ, ಅಟ್ಟುವವನು ಅಟ್ಟಿಸಿಕೊಳ್ಳುವವನು ಆಗಾಗ ಬದಲಾಗುತ್ತಾರೆ, ಮಧ್ಯೆ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳುತ್ತವೆ. ಒಂದೇ ನಾಯಿ ಸತತವಾಗಿ ಓಡಿಸಿಕೊಳ್ಳುತ್ತಿದ್ದರೆ, ಬಾಲ ಹೊಟ್ಟೆಯೊಳಗೆ ಸೇರಿದ್ದರೆ, ಮೈ ಸೆಟೆದು ದೃಷ್ಟಿ ಒಂದೇ ಕಡೆ ನೆಟ್ಟಿದ್ದರೆ ಅದು ಆಟವಲ್ಲ. ಅನುಮಾನ ಬಂದರೆ ಮೇಲೆ ಬಿದ್ದಿರುವ ನಾಯಿಯನ್ನು ಒಂದು ಕ್ಷಣ ಹಿಡಿದು ನಿಲ್ಲಿಸಿ: ಕೆಳಗಿದ್ದದ್ದು ತಾನಾಗಿ ಮತ್ತೆ ಆಟಕ್ಕೆ ಬಂದರೆ ಸರಿ, ತಪ್ಪಿಸಿಕೊಂಡು ಓಡಿದರೆ ಅದಕ್ಕೆ ಸಾಕಾಗಿದೆ ಅಂತ ಅರ್ಥ.

ಮೊದಲ ದಿನ

ಜನ ಕಮ್ಮಿ ಇರುವ ಹೊತ್ತು ಆರಿಸಿ. ಹೊಸ ನಾಯಿ ಬಂದರೆ ಒಳಗಿದ್ದವೆಲ್ಲಾ ಗೇಟಿಗೆ ಮುತ್ತುತ್ತವೆ, ಜಗಳ ಹತ್ತುವುದು ಬಹಳ ಸಲ ಅಲ್ಲೇ. ಅವು ಚದುರುವವರೆಗೆ ಕಾದು ನಿಲ್ಲಿ. ಎರಡು ಗೇಟಿನ ಮಧ್ಯೆಯೇ ಬೆಲ್ಟ್ ಬಿಚ್ಚಿ, ಯಾಕೆಂದರೆ ಸುತ್ತಲಿನವೆಲ್ಲಾ ಬಿಡುವಾಗಿ ಓಡಾಡುತ್ತಿರುವಾಗ ತಾನೊಂದೇ ಕಟ್ಟಿಹಾಕಿಸಿಕೊಂಡಿರುವ ನಾಯಿಗೆ ತಪ್ಪಿಸಿಕೊಳ್ಳುವ ದಾರಿ ಇಲ್ಲ, ಆಗ ಅದಕ್ಕೆ ಉಳಿಯುವುದು ಕಚ್ಚುವುದೊಂದೇ. ಮುಳ್ಳಿನ ಅಥವಾ ಬಿಗಿಯುವ ಕಾಲರ್ ಇದ್ದರೆ ತೆಗೆದುಬಿಡಿ, ಬೇರೆ ನಾಯಿಯ ಹಲ್ಲು ಸಿಕ್ಕಿಕೊಳ್ಳುತ್ತದೆ. ಫೋನ್ ನಂಬರ್ ಇರುವ ಸಾದಾ ಕಾಲರ್ ಇರಲಿ. ತಿಂಡಿ, ಇಷ್ಟದ ಚೆಂಡು ಎರಡೂ ಮನೆಯಲ್ಲೇ ಇರಲಿ.

ಒಳಗೆ ಹೋದ ಮೇಲೆ ಬೆಂಚಿನಲ್ಲಿ ಕೂರಬೇಡಿ, ನಡೆಯುತ್ತಾ ಇರಿ, ನಾಯಿಯೂ ನಿಮ್ಮ ಜೊತೆ ಸುತ್ತುತ್ತದೆ. ಹದಿನೈದು ಇಪ್ಪತ್ತು ನಿಮಿಷ ಸಾಕು. ಇನ್ನೂ ಖುಷಿಯಾಗಿ ಆಡುತ್ತಿರುವಾಗಲೇ ಹೊರಡಿ. ಮತ್ತೆ ಮತ್ತೆ ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ನಿಮ್ಮ ಕಾಲಿಗೆ ಒತ್ತಿಕೊಂಡು ನಿಲ್ಲುವುದು, ಗೇಟಿನ ಕಡೆಗೇ ಹೋಗುವುದು, ಇವೆಲ್ಲಾ "ಮನೆಗೆ ಹೋಗೋಣ" ಅನ್ನುವ ಮಾತೇ. ಕಾಸು ಕೊಟ್ಟು ಬಂದಿದ್ದೀವಿ, ಇಷ್ಟು ದೂರ ಬಂದಿದ್ದೀವಿ ಅಂತ ಹಟ ಮಾಡಬೇಡಿ. ಜಗಳ ಬಿದ್ದೇಬಿಟ್ಟರೆ ಮಧ್ಯೆ ಕೈ ಹಾಕಿ ಕಾಲರ್ ಹಿಡಿಯಲು ಹೋಗಬೇಡಿ, ಸ್ವಂತ ನಾಯಿಯೇ ಕಚ್ಚುತ್ತದೆ. ಜೋರಾಗಿ ಸದ್ದು ಮಾಡಿ, ನೀರು ಎರಚಿ. ಆದರೂ ಬಿಡದಿದ್ದರೆ ಇಬ್ಬರು ಮಾಲೀಕರೂ ಒಂದೇ ಸಲಕ್ಕೆ ತಮ್ಮ ನಾಯಿಯ ಹಿಂಗಾಲುಗಳನ್ನು ಎತ್ತಿ ಹಿಂದಕ್ಕೆ ಸರಿಯಬೇಕು.

ಮನೆಗೆ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಾಲರ್ ಕೆಳಗೆ, ಕಂಕುಳಲ್ಲಿ ರಕ್ತ ಹೀರುವ ಉಣ್ಣಿ ಇದೆಯಾ ನೋಡಿ. ಮುಂದಿನ ಕೆಲವು ದಿನಗಳಲ್ಲಿ ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಒಣಕೆಮ್ಮು, ವಾಂತಿ, ಭೇದಿ ಕಂಡರೆ ವೈದ್ಯರಿಗೆ ತೋರಿಸಿ. ವಾಸಿಯಾಗುವವರೆಗೆ ಪಾರ್ಕಿಗೆ ಹೋಗಬೇಡಿ, ಅಲ್ಲಿ ಸಿಕ್ಕಿದ್ದವರಿಗೂ ಒಂದು ಮಾತು ತಿಳಿಸಿ.

ಹತ್ತಿರದಲ್ಲಿ ಒಳ್ಳೆಯದು ಸಿಗದಿದ್ದರೆ?

ಸುಮ್ನೆ ಇದ್ದದ್ದರಲ್ಲೇ ಒಂದನ್ನು ಆರಿಸಬೇಡಿ. ಸದ್ದಿಲ್ಲದ ಬಯಲಿನಲ್ಲಿ 10 ಮೀಟರ್ ಉದ್ದದ ಹಗ್ಗವನ್ನು ಹಾರ್ನೆಸ್‌ಗೆ (ಎದೆ ಸುತ್ತ ಹಾಕುವ ಪಟ್ಟಿಗೆ) ಕಟ್ಟಿ, ನಾಯಿಗೆ ಬೇಕಾದ ಕಡೆ ಮೂಸಲು ಬಿಡಿ. ಮೂಸುತ್ತಾ ನಿಧಾನವಾಗಿ ಸುತ್ತಿದ ನಾಯಿ ಓಡಿ ದಣಿದ ನಾಯಿಯಷ್ಟೇ ಚೆನ್ನಾಗಿ ಮಲಗುತ್ತದೆ. ಯಾರ ನಾಯಿಯ ಸ್ವಭಾವ ನಿಮಗೆ ಗೊತ್ತೋ ಅಂಥ ಒಬ್ಬಿಬ್ಬರ ಜೊತೆ ವಾರಕ್ಕೊಮ್ಮೆ ಬೇಲಿ ಇರುವ ಅಂಗಳದಲ್ಲಿ ಆಟದ ಹೊತ್ತು ಗೊತ್ತುಮಾಡಿಕೊಳ್ಳುವುದು ಅದಕ್ಕಿಂತಲೂ ಒಳ್ಳೆಯದು. ಹಾಗೆ ಸೇರುವವರು ಐದಾರು ಮನೆಯವರಾದರೆ ಸ್ಥಳೀಯ ಆಡಳಿತಕ್ಕೆ ಒಟ್ಟಾಗಿ ಮನವಿ ಕೊಡಿ. ನಾಯಿಗಳಿಗೇ ಮೀಸಲಾದ ಸಾರ್ವಜನಿಕ ಪಾರ್ಕುಗಳಲ್ಲಿ ಮೊದಲನೆಯದು ಅಂತ ಹೆಸರಾದ ಒಲೋನಿ ಡಾಗ್ ಪಾರ್ಕ್ ಅಮೆರಿಕದ ಬರ್ಕ್ಲಿಯಲ್ಲಿ ಶುರುವಾದದ್ದು 1979ರಲ್ಲಿ, ಅದೂ ಒಂದು ಪ್ರಯೋಗ ಅಂತಲೇ. ಮನವಿಯಲ್ಲಿ ಬರೀ "ಪಾರ್ಕ್ ಬೇಕು" ಅಂತ ಬರೆಯಬೇಡಿ. ಎರಡು ಗೇಟು, ಚಿಕ್ಕ ನಾಯಿಗಳಿಗೆ ಬೇರೆ ಆವರಣ, ನೆರಳು, ನಲ್ಲಿ, ಕಸದ ಬುಟ್ಟಿ ಅಂತ ಒಂದೊಂದಾಗಿ ಬರೆದು, ಯಾವ ಜಾಗ ಅನ್ನುವುದನ್ನೂ ನೀವೇ ಸೂಚಿಸಿ.