ಎತ್ತು ತಿಂದಿದ್ದೇನು? ಸೆಗಣಿ, ಬಾಲದ ಕೂದಲಿನಿಂದ ಪತ್ತೆ ಹಚ್ಚುವುದು ಹೀಗೆ

ತೊಗರಿ ರಾಶಿ ಮುಗಿದ ಮೇಲೆ ಕಲಬುರಗಿ ಕಡೆಯ ಎತ್ತುಗಳಿಗೆ ಹೊಟ್ಟಿನ ಸುಗ್ಗಿ. ಬಣವೆಯಲ್ಲಿ ಜೋಳದ ಕಣಕಿಯೂ ಇರುತ್ತದೆ. ಎರಡನ್ನೂ ಹಾಕುತ್ತೇವೆ ಅನ್ನುತ್ತಾರೆ ರೈತರು. ಆದರೆ ಯಾವುದು ಎಷ್ಟು ಹೊಟ್ಟೆಗೆ ಹೋಯಿತು? ಕಟ್ಟಿ ಮೇಯಿಸುವ ದನವಾದರೆ ಗೋದಲಿಯಲ್ಲಿ ಉಳಿದದ್ದನ್ನು ನೋಡಿ ಅಂದಾಜು ಮಾಡಬಹುದು. ಬಯಲಿಗೆ ಬಿಟ್ಟ ದನಕ್ಕೆ, ಊರೂರು ತಿರುಗುವ ಕುರಿಹಿಂಡಿಗೆ ಆ ಅಂದಾಜೂ ಸಿಗುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಇಂಗಾಲದ ಐಸೊಟೋಪ್, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು.

ಇಂಗಾಲದಲ್ಲಿ ಬಹುಪಾಲು ಇಂಗಾಲ-12. ನೂರಕ್ಕೆ ಸುಮಾರು 1.1 ಪಾಲು ಮಾತ್ರ ತುಸು ಭಾರದ ಇಂಗಾಲ-13. ಗಾಳಿಯಿಂದ ಇಂಗಾಲ ಎಳೆದುಕೊಳ್ಳುವಾಗ ಗಿಡಗಳು ಈ ಭಾರದ್ದನ್ನು ಅಷ್ಟಾಗಿ ಸೇರಿಸಿಕೊಳ್ಳುವುದಿಲ್ಲ. ಇಂಗಾಲ ಹಿಡಿಯುವ ರೀತಿ ನೋಡಿ ಗಿಡಗಳನ್ನು ಸಿ3, ಸಿ4 ಎಂದು ಗುಂಪು ಮಾಡುತ್ತಾರೆ. ತೊಗರಿ, ಕಡಲೆ, ಶೇಂಗಾ, ಹತ್ತಿ, ಭತ್ತ, ಜಾಲಿ, ಬೇವು ಇವೆಲ್ಲ ಸಿ3 ಗುಂಪು. ಇವುಗಳಲ್ಲಿ ಇಂಗಾಲ-13 ತೀರಾ ಕಡಿಮೆ. ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬು, ಗರಿಕೆ, ನಮ್ಮ ಬಯಲಿನ ಹೆಚ್ಚಿನ ಹುಲ್ಲುಗಳು ಸಿ4. ಇವುಗಳಲ್ಲಿ ಸ್ವಲ್ಪ ಜಾಸ್ತಿ. ಒಂದು ಒಪ್ಪಿತ ಮಾನದಂಡಕ್ಕಿಂತ ಸಾವಿರಕ್ಕೆ ಎಷ್ಟು ಕಡಿಮೆ ಎಂದು ಅಳೆಯುತ್ತಾರೆ. ಸಿ3 ಗಿಡ ಸುಮಾರು −27, ಸಿ4 ಸುಮಾರು −12. ನಡುವೆ 15 ಅಂಕಗಳ ಅಂತರ. ಮೇವಿನ ಈ ಗುರುತು ಸೆಗಣಿ, ಕೂದಲು, ಹಲ್ಲಿಗೂ ಇಳಿಯುತ್ತದೆ.

ಮೊದಲು ಮೇವು, ಆಮೇಲೆ ದನ

ಹೆಚ್ಚಿನವರಿಗೆ ಯಂತ್ರದ ಮೇಲೇ ಕಣ್ಣು. ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಬಣವೆ, ಬದುಗಳ ಹತ್ತಿರವೇ ಮುಗಿಯುತ್ತದೆ. ಆ ದನ ಬಾಯಿ ಹಾಕಬಹುದಾದ ಪ್ರತಿಯೊಂದು ಮೇವಿನಿಂದಲೂ ಒಂದೊಂದು ಹಿಡಿ ತೆಗೆದುಕೊಳ್ಳಿ. ಕಣಕಿಯ ಎಲೆ ಬೇರೆ, ದಂಟು ಬೇರೆ ಇಡಿ. ಹೊಟ್ಟು, ಬದುವಿನ ಹುಲ್ಲು, ಹಿಂಡಿ, ಬೂಸಾ ಯಾವುದನ್ನೂ ಬಿಡಬೇಡಿ. ಮೇಲೆ ಹೇಳಿದ −27, −12 ಸರಾಸರಿ ಅಷ್ಟೇ. ನೀರಿಲ್ಲದೆ ಒಣಗಿದ ಸಿ3 ಗಿಡದಲ್ಲಿ ಅಂಕ ಮೇಲಕ್ಕೆ ಸರಿಯುತ್ತದೆ. ಅದಕ್ಕೇ ಪುಸ್ತಕದ ಅಂಕಿಗಿಂತ ನಿಮ್ಮ ಹೊಲದ ಅಂಕಿಯೇ ವಾಸಿ.

ಸೆಗಣಿ ಎತ್ತುವುದು

ಸೆಗಣಿ ಹೇಳುವುದು ಹಿಂದಿನ ಎರಡು ಮೂರು ದಿನದ ಕಥೆ. ಬೆಳಗ್ಗೆ, ಹಸಿಯಾಗಿದ್ದಾಗಲೇ ಚಮಚದಿಂದ ಮೇಲಿನ ಪದರವನ್ನಷ್ಟೇ ತೆಗೆಯಿರಿ. ನೆಲಕ್ಕೆ ತಾಗಿದ ಭಾಗ ಬೇಡವೇ ಬೇಡ. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಹರಳು ಇರುತ್ತವೆ, ಅಲ್ವಾ? ಆ ಸುಣ್ಣದಲ್ಲೂ ಇಂಗಾಲವಿದೆ, ಅದರ ಅಂಕ ಮೇವಿಗಿಂತ ಬಹಳ ಮೇಲೆ. ಚಿಟಿಕೆ ಮಣ್ಣು ಸೇರಿದರೂ ತೊಗರಿ ತಿಂದ ಎತ್ತು ಜೋಳ ತಿಂದಂತೆ ಕಾಣಬಹುದು. ಅನುಮಾನ ಬಂದರೆ ಒಣಗಿದ ಸೆಗಣಿಯ ಒಂದು ಚೂರಿಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿ ನೋಡಿ. ನೊರೆ ಬಂದರೆ ಸುಣ್ಣ ಸೇರಿದೆ ಅಂತಲೇ ಲೆಕ್ಕ.

ಬಾಲದ ಕೂದಲು

ತಿಂಗಳುಗಟ್ಟಲೆ ಹಿಂದಿನ ಸುದ್ದಿ ಬೇಕಿದ್ದರೆ ಕೂದಲೇ ಗತಿ. ಯಜಮಾನರನ್ನು ಕೇಳದೆ ಬಾಲಕ್ಕೆ ಕತ್ತರಿ ಹಾಕಬೇಡಿ. ಎತ್ತಿನ ಬಾಲ ಮುಟ್ಟಿದರೆ ಮನೆಯವರಿಗೆ ಸಿಟ್ಟು ಬರುವುದು ಸಹಜ. "ಔಷಧ ಅಲ್ರೀ, ಮಾಟನೂ ಅಲ್ಲ, ಬರೇ ನಾಕು ಕೂದಲಾ" ಎಂದು ಬಿಡಿಸಿ ಹೇಳಿ. ನಾಲ್ಕಾರು ಉದ್ದ ಕೂದಲನ್ನು ಚರ್ಮಕ್ಕೆ ಹತ್ತಿಸಿ ಕತ್ತರಿಸಿ, ಬುಡದ ಕಡೆ ದಾರ ಕಟ್ಟಿ ಕಾಗದದ ಕವರಿಗೆ ಹಾಕಿ. ದಾರ ಕಟ್ಟಿದ ತುದಿ ಈಚಿನದು, ಇನ್ನೊಂದು ತುದಿ ಹಳೆಯದು. ದನದ ಬಾಲದ ಕೂದಲು ದಿನಕ್ಕೆ ಸುಮಾರು ಮುಕ್ಕಾಲು ಮಿಲಿಮೀಟರ್ ಬೆಳೆಯುತ್ತದೆ. ಒಂದೊಂದು ಸೆಂಟಿಮೀಟರ್ ತುಂಡು ಮಾಡಿದರೆ ತುಂಡಿಗೆ ಹೆಚ್ಚುಕಡಿಮೆ ಎರಡು ವಾರ. ಉದ್ದ ಕೂದಲಾದರೆ ಹಿಂಗಾರಿ ಜೋಳದ ಕಾಲ, ಹೊಟ್ಟಿನ ಕಾಲ, ಮಳೆಗಾಲದ ಹಸಿ ಹುಲ್ಲಿನ ಕಾಲ ಎಲ್ಲ ಒಂದೇ ಎಳೆಯಲ್ಲಿ ಸಿಗುತ್ತವೆ.

ಲ್ಯಾಬಿಗೆ ಕಳಿಸುವಾಗ

ಮೇವು, ಸೆಗಣಿಯನ್ನು 60 ಡಿಗ್ರಿಯಲ್ಲಿ ಎರಡು ದಿನ ಒಣಗಿಸಿ ನುಣ್ಣಗೆ ಪುಡಿ ಮಾಡಬೇಕು. ಕೂದಲಿನ ಜಿಡ್ಡನ್ನು ಲ್ಯಾಬಿನವರು ದ್ರಾವಕದಲ್ಲಿ ತೊಳೆಯುತ್ತಾರೆ. ಯಂತ್ರಕ್ಕೆ ಬೇಕಾದದ್ದು ಒಂದು ಮಿಲಿಗ್ರಾಂ ಆಸುಪಾಸು. ಅದನ್ನು ತವರದ ಪುಟ್ಟ ಬಟ್ಟಲಲ್ಲಿ ಸುತ್ತಿ ಸುಡುತ್ತಾರೆ. ಹೊರಬಂದ ಅನಿಲವನ್ನು ಮಾಸ್ ಸ್ಪೆಕ್ಟ್ರೋಮೀಟರ್ ತೂಕದ ಪ್ರಕಾರ ಬೇರ್ಪಡಿಸುತ್ತದೆ. ಇಂಥ ಯಂತ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ), ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಂಥ ಕಡೆ ಇದೆ. ಕಾಲೇಜಿನ ಮೂಲಕ ಮೊದಲೇ ಪತ್ರ ಬರೆದು ಮಾತಾಡಿಕೊಳ್ಳಿ, ಸುಮ್ನೆ ಕವರ್ ಕಳಿಸಿದರೆ ಆಗದು.

ಲೆಕ್ಕ

ಉದಾಹರಣೆಗೆ ಸೆಗಣಿಯ ಅಂಕ −17 ಬಂತು ಎನ್ನಿ. ಸೆಗಣಿ ಮೇವಿಗಿಂತ ಸುಮಾರು 1 ಕೆಳಗಿರುತ್ತದೆ. ಹಾಗಾಗಿ ಮೇವು −16. ಅದು −27ರಿಂದ 11 ಅಂಕ ಮೇಲಿದೆ. 11ನ್ನು 15ರಿಂದ ಭಾಗಿಸಿ: ನೂರಕ್ಕೆ ಸುಮಾರು 73 ಪಾಲು ಕಣಕಿ ಗುಂಪಿನದು, ಉಳಿದದ್ದು ಹೊಟ್ಟಿನ ಗುಂಪಿನದು. ಕೂದಲಾದರೆ ಅಂಕ ಮೇವಿಗಿಂತ ಸುಮಾರು 3 ಮೇಲಿರುತ್ತದೆ, ಅಷ್ಟು ಕಳೆಯಿರಿ. ಒಂದು ಎಚ್ಚರ: ಜೀರ್ಣವಾಗದೆ ಉಳಿದದ್ದೇ ಸೆಗಣಿ. ಗಟ್ಟಿ ದಂಟು ಅದರಲ್ಲಿ ತಿಂದದ್ದಕ್ಕಿಂತ ಜಾಸ್ತಿ ಕಾಣುತ್ತದೆ.

ಇನ್ನು ಜಿಲ್ಲೆ ಜಿಲ್ಲೆಗೂ ಬೇರೆ ತೊಡಕು. ಬೀದರಿನಲ್ಲಿ ದೇವಣಿ ಎತ್ತು ಕಬ್ಬಿನ ಸೋಗೆ ತಿಂದಿತೋ, ಕಣಕಿ ತಿಂದಿತೋ ಇಂಗಾಲ ಹೇಳಲಾರದು, ಎರಡೂ ಸಿ4. ಯಾದಗಿರಿಯ ಕಾಲುವೆ ಕೆಳಗಿನ ಊರುಗಳಲ್ಲಿ ಭತ್ತದ ಹುಲ್ಲು, ತೊಗರಿ ಹೊಟ್ಟು ಎರಡೂ ಸಿ3. ಅಲ್ಲಿ ಸಾರಜನಕದ ಐಸೊಟೋಪನ್ನೂ ಜೊತೆಗೇ ಅಳೆಸಿ, ಬೇಳೆಕಾಳಿನ ಗಿಡಗಳಲ್ಲಿ ಅದರ ಅಂಕ ಸಾಮಾನ್ಯವಾಗಿ ಸೊನ್ನೆಯ ಹತ್ತಿರ ಇರುತ್ತದೆ. ಈ ವಿಧಾನ ಹೇಳಿ ಮಾಡಿಸಿದಂತಿರುವುದು ಆಡು-ಕುರಿಗೆ. ಆಡು ಜಾಲಿ, ಬೇವಿನ ಸೊಪ್ಪಿನ ಕಡೆ, ಕುರಿ ಹುಲ್ಲಿನ ಕಡೆ. ಒಂದೇ ಹಿಂಡಿನಲ್ಲಿದ್ದರೂ ಅಂಕ ದೂರ ದೂರ ನಿಲ್ಲುತ್ತವೆ.

ಸುರಪುರ ಸೀಮೆಯ ಕೊಡೇಕಲ್, ಬೂದಿಹಾಳದಲ್ಲಿ ನವಶಿಲಾಯುಗದ ಬೂದಿದಿಬ್ಬಗಳಿವೆ. ದನದ ಸೆಗಣಿ ಸುಟ್ಟು ಬಿದ್ದ ರಾಶಿಗಳವು. ಅಂಥ ಕಾಲದ ದನಕ್ಕೆ ಹಲ್ಲಿನ ಮೇಲ್ಪದರ ಹಿಡಿಯಬೇಕು. ಅದರ ಅಂಕ ಮೇವಿಗಿಂತ ಸುಮಾರು 14 ಮೇಲೆ. ಕಲ್ಲಿದ್ದಲು, ಪೆಟ್ರೋಲ್ ಸುಟ್ಟು ನಾವು ಗಾಳಿಯ ಇಂಗಾಲದ ಅಂಕವನ್ನೇ ಸುಮಾರು 2ರಷ್ಟು ಕೆಳಗಿಳಿಸಿದ್ದೇವೆ. ಹಾಗಾಗಿ ಹಳೆಯ ಹಲ್ಲನ್ನು ಇಂದಿನ ಮೇವಿನ ಜೊತೆ ಹೋಲಿಸುವ ಮೊದಲು ಆ ಎರಡು ಅಂಕವನ್ನು ಸರಿಪಡಿಸಿಕೊಳ್ಳಬೇಕು.