ಹಾಸ್ಟೆಲ್ ಹಾಸಿಗೆಗೂ ಪಕ್ಕಾ ಬಿಲ್ ಪಡೆಯಿರಿ: ಬಾದಾಮಿಗೆ ಬರುವವರಿಗೆ ಒಂದು ಕೈಪಿಡಿ

ಬಾದಾಮಿಯ ರೈಲು ನಿಲ್ದಾಣದಿಂದ ಊರು ಸುಮಾರು ಐದು ಕಿಲೋಮೀಟರ್ ದೂರದಲ್ಲಿದೆ. ರೈಲಿನಿಂದ ಇಳಿದ ಮೇಲೆ ಬೆನ್ನಿಗೆ ಚೀಲ ಹೊತ್ತು ವಸತಿಗಾಗಿ ಅಲೆಯುವುದಕ್ಕಿಂತ, ಮೊದಲೇ ಯಾವುದಾದರೊಂದು ಹಾಸ್ಟೆಲ್‌ನಲ್ಲಿ ಹಾಸಿಗೆ ಕಾಯ್ದಿರಿಸಿಕೊಂಡು ಬರುವುದು ಒಳ್ಳೆಯದು. ಗುಹಾಲಯಗಳನ್ನು ನೋಡುವವರ ಜೊತೆಗೆ ಇಲ್ಲಿನ ಮರಳುಗಲ್ಲಿನ ಬಂಡೆಗಳನ್ನು ಹತ್ತಲು ಬರುವ ಯುವಕ ಯುವತಿಯರೂ ಇರುವುದರಿಂದ, ಒಂದೇ ಕೋಣೆಯಲ್ಲಿ ಆರೆಂಟು ಜನ ಮಲಗುವ ಇಂಥ ವಸತಿಗಳು ಈ ಊರಿಗೆ ಹೊಂದಿಕೊಂಡಿವೆ. ವಿಜಯಪುರದಲ್ಲಿ ಅಂಗಡಿಗಳ ಲೆಕ್ಕ ಬರೆಯುವ ನಾನು ರಜೆ ಸಿಕ್ಕಾಗಲೆಲ್ಲ ಇಲ್ಲಿಗೆ ಬಂದು ಹೀಗೆಯೇ ಉಳಿಯುತ್ತೇನೆ. ಕಡಿಮೆ ಖರ್ಚಿನಲ್ಲಿ ಉಳಿಯುವುದು ಹೇಗೆ, ಆ ಖರ್ಚಿನಲ್ಲಿ ಸರ್ಕಾರಕ್ಕೆ ಸಲ್ಲಬೇಕಾದ ಪಾಲು ನಿಜವಾಗಿ ಸಲ್ಲುವಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಅನುಭವದಿಂದ ಕಲಿತಷ್ಟು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಿದ್ಧತೆಯ ಮಾತು. ಲಾಕರ್ ಇದ್ದರೂ ಕೀಲಿ ನಿಮ್ಮದೇ ಇರಲಿ. ತೆಳುವಾದ ಚಾದರ, ಟವೆಲ್ಲು, ಕಿವಿಗೆ ಇಟ್ಟುಕೊಳ್ಳಲು ಹತ್ತಿ, ಒಂದು ಸಣ್ಣ ಟಾರ್ಚ್ ಸಾಕು. ನಸುಕಿನಲ್ಲಿ ಅಗಸ್ತ್ಯ ತೀರ್ಥದ ದಂಡೆಗೆ ಹೋಗುವವರು ಚೀಲವನ್ನು ಹಿಂದಿನ ರಾತ್ರಿಯೇ ಕಟ್ಟಿಟ್ಟುಕೊಳ್ಳಬೇಕು. ಪಕ್ಕದವರು ಮಲಗಿರುವಾಗ ಪ್ಲಾಸ್ಟಿಕ್ ಚೀಲವನ್ನು ಸರಸರ ಸದ್ದು ಮಾಡುತ್ತ ಬಿಚ್ಚುವಷ್ಟು ಕಿರಿಕಿರಿ ಮತ್ತೊಂದಿಲ್ಲ. ಗುರುತಿಗಾಗಿ ಆಧಾರ್ ಕೇಳಿದಾಗ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನೇ ಕೊಡಿ.

ಇನ್ನು ಬಿಲ್ಲಿನ ವಿಷಯ. ಕೆಲವು ವರ್ಷಗಳ ಹಿಂದೆ ಒಂದು ಹಾಸ್ಟೆಲ್‌ನಲ್ಲಿ ಮೂರು ರಾತ್ರಿ ಉಳಿದು ಹೊರಡುವಾಗ, ಅಲ್ಲಿನ ವ್ಯವಸ್ಥಾಪಕರು ಬಿಲ್ ಪುಸ್ತಕವನ್ನು ಮುಟ್ಟದೆ, 'ಬಿಲ್ ಬ್ಯಾಡಂದ್ರ ಟ್ಯಾಕ್ಸ್ ಬಿಡ್ತೀನ್ರಿ ಸರ, ರೊಕ್ಕಾನ ಕೊಟ್ಟುಬಿಡ್ರಿ' ಎಂದರು. ಹಗಲೆಲ್ಲ ಇನ್ನೊಬ್ಬರ ಲೆಕ್ಕ ತಿದ್ದುವ ನಾನು ಅಂದು ಒಪ್ಪಿ ನಗದು ಕೊಟ್ಟು ಬಂದೆ. ಬಸ್ಸಿನಲ್ಲಿ ಕುಳಿತ ಮೇಲೆ, ಕೀಲಿಗಾಗಿ ಕೊಟ್ಟಿದ್ದ ಮುಂಗಡ ಐನೂರು ರೂಪಾಯಿ ವಾಪಸು ಬಂದಿಲ್ಲವೆಂಬುದು ನೆನಪಾಯಿತು. ಫೋನ್ ಮಾಡಿ ಕೇಳಿದರೆ, ಕೊಟ್ಟದ್ದಕ್ಕೆ ಗುರುತೇನು ಎಂಬ ಮರುಪ್ರಶ್ನೆ ಬಂತು. ನಾನು ಅಲ್ಲಿ ಉಳಿದಿದ್ದೆನೆಂದು ತೋರಿಸುವ ಒಂದು ಚೀಟಿಯೂ ನನ್ನ ಬಳಿ ಇರಲಿಲ್ಲ. ಆ ಐನೂರಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು, ಸರ್ಕಾರಕ್ಕೆ ಸೇರಬೇಕಾದ ಹಣವನ್ನು ನಾವಿಬ್ಬರೂ ಸೇರಿ ಹಂಚಿಕೊಂಡೆವಲ್ಲ ಎಂಬ ನೋವು.

ಈಗಿನ ದರದಲ್ಲಿ ಆ ಲೆಕ್ಕವನ್ನು ಬಿಡಿಸಿ ನೋಡೋಣ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ವಸತಿಗೆ ಜಿಎಸ್‌ಟಿ ಶೇ 5 ಇದೆ; ಅದಕ್ಕೆ ಮೊದಲು ಶೇ 12 ಇತ್ತು. ಹಾಸಿಗೆಗೆ ದಿನಕ್ಕೆ 600 ರೂಪಾಯಿ ಎಂದಿಟ್ಟುಕೊಂಡರೆ ಮೂರು ರಾತ್ರಿಗೆ 1,800, ಅದರ ಮೇಲೆ ತೆರಿಗೆ 90 ರೂಪಾಯಿ. ಅದರಲ್ಲಿ ಕೇಂದ್ರಕ್ಕೆ 45, ರಾಜ್ಯಕ್ಕೆ 45. ಬಿಲ್ ಬೇಡವೆಂದಾಗ ಉಳಿಯುವುದು ಈ ತೊಂಬತ್ತೇ ಎಂದು ನಮಗೆ ಅನ್ನಿಸುತ್ತದೆ. ಆದರೆ ಬಿಲ್ಲಾಗದ ಆ 1,800 ರೂಪಾಯಿ ಮಾಲೀಕರ ವಹಿವಾಟಿನ ಲೆಕ್ಕದಿಂದಲೇ ಮಾಯವಾಗುತ್ತದೆ, ಮುಂದೆ ಅವರ ಆದಾಯ ತೆರಿಗೆಯ ಲೆಕ್ಕದಿಂದಲೂ ಜಾರಿಹೋಗುತ್ತದೆ. ನಿಯತ್ತಾಗಿ ಬಿಲ್ ಹರಿಯುವ ಪಕ್ಕದ ಹಾಸ್ಟೆಲ್‌ನವರು ದುಬಾರಿ ಎನ್ನಿಸಿಕೊಂಡು ಗಿರಾಕಿ ಕಳೆದುಕೊಳ್ಳುತ್ತಾರೆ.

ಆದ್ದರಿಂದ ಕಾಯ್ದಿರಿಸುವ ಮೊದಲೇ, ಹೇಳಿದ ದರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ, ಬಿಲ್ ಕೊಡುತ್ತಾರೋ ಇಲ್ಲವೋ ಎಂದು ವಿನಯದಿಂದ ಕೇಳಿರಿ. ಹೊರಡುವ ದಿನ ಬಸ್ಸಿನ ಅವಸರದಲ್ಲಿ ಕೇಳಿದರೆ ಪ್ರಯೋಜನವಿಲ್ಲ. ಹಿಂದಿನ ಸಂಜೆಯೇ ಹೇಳಿಡಬೇಕು. ಬಿಲ್ ಕೈಗೆ ಬಂದ ಮೇಲೆ ಅದರ ನೆತ್ತಿಯ ಮೇಲಿರುವ ಜಿಎಸ್‌ಟಿ ಸಂಖ್ಯೆಯನ್ನು ನೋಡಿರಿ. ಅದರಲ್ಲಿ ಒಟ್ಟು 15 ಅಕ್ಷರ ಮತ್ತು ಅಂಕಿಗಳಿರುತ್ತವೆ. ಕರ್ನಾಟಕದ್ದಾದರೆ ಮೊದಲ ಎರಡು ಅಂಕಿ 29, ಮುಂದಿನ ಹತ್ತು ಮಾಲೀಕರ ಅಥವಾ ಸಂಸ್ಥೆಯ ಪ್ಯಾನ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಈ ಸಂಖ್ಯೆಯನ್ನು ಹಾಕಿದರೆ ವ್ಯಾಪಾರದ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಂಬುದು ತಕ್ಷಣ ಗೊತ್ತಾಗುತ್ತದೆ. ಸೊಲ್ಲಾಪುರದಿಂದಲೋ ಪುಣೆಯಿಂದಲೋ ಬರುವ ಗೆಳೆಯರು, ತಮ್ಮದು ಬೇರೆ ರಾಜ್ಯವಾದ್ದರಿಂದ ಅಂತರರಾಜ್ಯ ವಹಿವಾಟಿನ ತೆರಿಗೆಯಾದ ಐಜಿಎಸ್‌ಟಿ ಬರಬೇಕಲ್ಲವೇ ಎಂದು ಕೇಳುವುದುಂಟು. ವಸತಿಯ ವಿಷಯದಲ್ಲಿ ಕಟ್ಟಡ ಎಲ್ಲಿದೆಯೋ ಆ ರಾಜ್ಯದ ತೆರಿಗೆಯೇ ಲಾಗು. ಆದ್ದರಿಂದ ಬಾದಾಮಿಯ ಬಿಲ್ಲಿನಲ್ಲಿ ಕೇಂದ್ರದ ಹಾಗೂ ರಾಜ್ಯದ ಪಾಲುಗಳಾದ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಎರಡೂವರೆ, ಎರಡೂವರೆ ಎಂದೇ ಇರಬೇಕು.

ತೆರಿಗೆ ಕೊಡುವುದು ಎಷ್ಟು ಕರ್ತವ್ಯವೋ, ಸಲ್ಲದ ತೆರಿಗೆಯನ್ನು ಕೊಡದಿರುವುದೂ ಅಷ್ಟೇ ಕರ್ತವ್ಯವೆಂದು ನಾನು ತಿಳಿದಿದ್ದೇನೆ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಸೂಲು ಮಾಡುವಂತಿಲ್ಲವೆಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರದ ಸಣ್ಣ ವಸತಿಗೃಹಗಳಿಗೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಎಂದು ಒಂದು ರೂಪಾಯಿಯನ್ನೂ ಕೇಳುವಂತಿಲ್ಲ, ಸಾದಾ ರಸೀದಿ ಕೊಟ್ಟರೆ ಸಾಕು. ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿಯಲ್ಲಿ, ಅಂದರೆ ಒಟ್ಟು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳ ಸರಳ ಪದ್ಧತಿಯಲ್ಲಿ ಇರುವವರು ತೆರಿಗೆಯನ್ನು ತಮ್ಮ ಕೈಯಿಂದಲೇ ಕಟ್ಟಬೇಕು, ಗಿರಾಕಿಯಿಂದ ಪಡೆಯುವಂತಿಲ್ಲ. ಆದರೆ ಅಂಥದೇ ಸಣ್ಣ, ನೋಂದಣಿ ಬೇಕಿಲ್ಲದ ಮನೆಯನ್ನು ಆ್ಯಪ್ ಮೂಲಕ ಕಾಯ್ದಿರಿಸಿದಾಗ ತೆರಿಗೆ ಕಟ್ಟುವ ಹೊಣೆ ಆ್ಯಪ್ ಕಂಪನಿಯದು. ಅಲ್ಲಿ ತೆರಿಗೆ ಕಂಡರೆ ಮನೆಯವರ ಮೇಲೆ ಸಂಶಯ ಬೇಡ. ಊಟದ ಬಿಲ್ಲಿನಲ್ಲಿರುವ ಸೇವಾ ಶುಲ್ಕ ತೆರಿಗೆಯಲ್ಲವೆಂಬುದೂ ನೆನಪಿರಲಿ.

ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕುಳಿತು, ಜೋಳದ ರೊಟ್ಟಿಯ ಮೇಲೆ ಪಲ್ಯ, ಶೇಂಗಾ ಚಟ್ನಿ ಹಾಕಿ, ಗಟ್ಟಿ ಮೊಸರು ಬಡಿಸುವ ತಾಯಂದಿರ ಬಳಿ ಬಿಲ್ ಕೇಳುವ ಮಾತೇ ಇಲ್ಲ. ಕಾನೂನು ಅವರನ್ನು ತಿಳಿದೇ ಹೊರಗಿಟ್ಟಿದೆ. ಅಲ್ಲಿ ಚೌಕಾಸಿ ಮಾಡದೆ ಹಣ ಕೊಟ್ಟು ಉಂಡು ಬನ್ನಿ.

ತೆರಿಗೆ ಪಾವತಿಯನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಬೇಕೆಂದು 1976ರಲ್ಲಿ, ಸಂವಿಧಾನದ ತಿದ್ದುಪಡಿಗಳನ್ನು ಪರಿಶೀಲಿಸಲು ಕಾಂಗ್ರೆಸ್ ಪಕ್ಷ ನೇಮಿಸಿದ್ದ ಸ್ವರಣ್ ಸಿಂಗ್ ಸಮಿತಿ ಸಲಹೆ ಮಾಡಿತ್ತು, ಆದರೆ ಅದೇ ವರ್ಷದ ಸಂವಿಧಾನದ 42ನೇ ತಿದ್ದುಪಡಿಯಲ್ಲಿ ಅದು ಸೇರಲಿಲ್ಲ. ಪರಂಪರೆಯನ್ನು ಗೌರವಿಸಿ ಕಾಪಾಡುವುದು, ಸಾರ್ವಜನಿಕ ಆಸ್ತಿಯನ್ನು ರಕ್ಷಿಸುವುದು ಇವೆರಡೂ ಇತರ ಕರ್ತವ್ಯಗಳ ಜೊತೆಗೆ 51ಎ ವಿಧಿಯಲ್ಲಿ ಸೇರಿದವು. ಹಣವಿಲ್ಲದೆ ಇವೆರಡೂ ನಡೆಯುವುದು ಹೇಗೆ? ಬಾದಾಮಿಯ ಮೂರನೆಯ ಗುಹೆಗೆ ಹೋದವರು ವಿಷ್ಣುವಿನ ಭವ್ಯ ಮೂರ್ತಿಗಳನ್ನು ನೋಡಿ ಹಿಂತಿರುಗದೆ, ಅಲ್ಲಿನ ಶಾಸನಗಳ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು. ಕ್ರಿ.ಶ. 578ರ ಆ ಗುಹೆಯಲ್ಲಿ ಚಾಲುಕ್ಯ ಮಂಗಲೇಶನ ಕನ್ನಡ ಬರಹವೊಂದಿದೆ. 'ಕಲ್ಮನೆ'ಗೆ, ಅಂದರೆ ಕಲ್ಲಿನ ಮನೆಯಾದ ಈ ಗುಹಾಲಯಕ್ಕೆ, ಲಂಜಿಗೇಸರ ಎಂಬ ಊರನ್ನು ಕೊಟ್ಟದ್ದನ್ನು ಅದು ಹೇಳುತ್ತದೆ. ಒಂದು ಊರನ್ನು ಹೀಗೆ ಬಿಟ್ಟುಕೊಡುವುದೆಂದರೆ ಅದರ ಹುಟ್ಟುವಳಿಯನ್ನು ಬಿಟ್ಟುಕೊಡುವುದು. ಬಂಡೆ ಕೊರೆದರಷ್ಟೇ ಸಾಲದು, ದಿನದಿನದ ಪೂಜೆಗೂ ದೀಪಕ್ಕೂ ಯಾರದೋ ದುಡಿಮೆಯ ಪಾಲು ಬರುತ್ತಿರಬೇಕೆಂಬುದನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ ಬಲ್ಲವರು ಬರೆಸಿದ ಮಾತು ಅದು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿಗೆ ನೀವು ಬಸ್ಸಿನಲ್ಲಿ ಹೋಗುವ ರಸ್ತೆಗೂ ಈ ಮಾತು ಸಲ್ಲುತ್ತದೆ.

ಕೇಳಿದರೂ ಬಿಲ್ ಕೊಡದಿದ್ದರೆ ಜಗಳ ಬೇಡ. 200 ರೂಪಾಯಿಗಿಂತ ಕಡಿಮೆ ಮೊತ್ತಕ್ಕೂ ಗಿರಾಕಿ ಕೇಳಿದರೆ ನೋಂದಾಯಿತ ವ್ಯಾಪಾರಿ ಬಿಲ್ ಕೊಡಬೇಕೆಂದು ಶಾಂತವಾಗಿ ಹೇಳಿ, ಹಣವನ್ನು ಯುಪಿಐ ಮೂಲಕ ಕೊಟ್ಟು ಗುರುತು ಉಳಿಸಿಕೊಳ್ಳಿ. ಆಮೇಲೂ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಅಥವಾ ವಾಣಿಜ್ಯ ತೆರಿಗೆಗಳ ಇಲಾಖೆಗೆ ತಿಳಿಸಬಹುದು. ಯಂತ್ರದಿಂದ ಬರುವ ನುಣುಪು ಕಾಗದದ ಬಿಲ್ಲಿನ ಅಕ್ಷರಗಳು ಬಿಸಿಲಿಗೆ ಬೇಗ ಅಳಿಸಿಹೋಗುತ್ತವೆ; ನಮ್ಮ ಕಡೆಯ ಬೇಸಿಗೆಯಲ್ಲಂತೂ ಜೇಬಿನಲ್ಲಿಟ್ಟ ಬಿಲ್ ಕೆಲವೇ ದಿನಗಳಲ್ಲಿ ಬಿಳಿ ಹಾಳೆಯಾಗುತ್ತದೆ. ಕೈಗೆ ಬಂದ ಕೂಡಲೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಮುಂಗಡ ಕೊಟ್ಟಿದ್ದರೆ ಅದನ್ನೂ ಅದೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ.