ನಿದ್ದೆ ಮಾತ್ರೆ: ಶುರು ಮಾಡುವ ದಿನವೇ ನಿಲ್ಲಿಸುವ ದಾರಿ ಕೇಳಿಕೊಳ್ಳಿ

ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ‘ಪಾಯಿಂಟ್ ಫೈವ್ ಒಂದು ಸ್ಟ್ರಿಪ್’ ಎಂದು ಕೇಳುವವರನ್ನು ನೋಡಿರುತ್ತೀರಿ. ಆ ಚಿಕ್ಕ ಮಾತ್ರೆ ಹೆಚ್ಚಾಗಿ ಆಲ್‌ಪ್ರಜೋಲಮ್, ಇಲ್ಲವೇ ಕ್ಲೊನಜೆಪಾಮ್. ಮನೆಮಾತಿನಲ್ಲಿ ನಿದ್ದೆ ಮಾತ್ರೆ, ಟೆನ್ಷನ್ ಮಾತ್ರೆ. ಎರಡೂ ಬೆಂಜೊಡಯಾಜೆಪಿನ್ ಗುಂಪಿನವು. ಈ ಗುಂಪಿನ ಮೊದಲ ಔಷಧ ಕ್ಲೋರ್‌ಡಯಾಜೆಪಾಕ್ಸೈಡ್ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಡಯಾಜೆಪಾಮ್ 1963ರಲ್ಲಿ ಬಂತು. ಅದಕ್ಕೂ ಹಿಂದೆ ಕೊಡುತ್ತಿದ್ದ ಬಾರ್ಬಿಚುರೇಟ್‌ಗಳಲ್ಲಿ ಡೋಸು ತುಸು ಹೆಚ್ಚಾದರೂ ಉಸಿರೇ ನಿಂತುಹೋಗುವ ಭಯವಿತ್ತು. ಹಾಗಾಗಿ ಹೊಸ ಮಾತ್ರೆಗೆ ‘ಸುರಕ್ಷಿತ’ ಎಂಬ ಹೆಸರು ಅಂಟಿಕೊಂಡಿತು. ಆ ಹೆಸರು ಅರ್ಧ ಮಾತ್ರ ನಿಜ.

ಮೊದಲು ಸ್ಟ್ರಿಪ್ ಓದಿ

ಬ್ರ್ಯಾಂಡ್ ಹೆಸರು ಬಿಡಿ, ಅದರ ಕೆಳಗಿನ ಸಣ್ಣ ಅಕ್ಷರ ನೋಡಿ. ‘-ಜೆಪಾಮ್’, ‘-ಜೋಲಮ್’ ಎಂದು ಕೊನೆಯಾಗುವ ಹೆಸರಿದ್ದರೆ ಬಹುತೇಕ ಇದೇ ಗುಂಪು. ನಮ್ಮಲ್ಲಿ ಜೋಡಿ ಮಾತ್ರೆಗಳ ಹಾವಳಿ ಬೇರೆ. ಖಿನ್ನತೆಗೆಂದು ಕೊಡುವ ಎಸಿಟಲೋಪ್ರಾಮ್ ಜೊತೆ ಕ್ಲೊನಜೆಪಾಮ್ ಒಂದೇ ಮಾತ್ರೆಯಲ್ಲಿ ಬರುತ್ತದೆ. ಎದೆ ಡವಡವ ಎನ್ನುವುದಕ್ಕೆ ಕೊಡುವ ಪ್ರೊಪ್ರನೊಲಾಲ್ ಜೊತೆಗೂ ಬರುತ್ತದೆ. ಹೊಟ್ಟೆ ತೊಳಸುವುದಕ್ಕೆ, ಹಿಡಿದುಕೊಳ್ಳುವುದಕ್ಕೆ ಬರೆಯುವ ಕ್ಲಿಡಿನಿಯಂ ಮಾತ್ರೆಯಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಕೂತಿರುತ್ತದೆ. ‘ನಾನು ನಿದ್ದೆ ಮಾತ್ರೆ ಮುಟ್ಟೋದೇ ಇಲ್ಲ, ಬರೀ ಗ್ಯಾಸ್ ಮಾತ್ರೆ’ ಎನ್ನುವವರು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

0.5 ಎಂಬ ಅಂಕಿ ಚಿಕ್ಕದೆಂದು ಹಗುರವಾಗಿ ಕಾಣಬೇಡಿ. 0.5 ಮಿ.ಗ್ರಾಂ ಆಲ್‌ಪ್ರಜೋಲಮ್ ಸುಮಾರು 5ರಿಂದ 10 ಮಿ.ಗ್ರಾಂ ಡಯಾಜೆಪಾಮ್‌ನಷ್ಟು ಬಲದ್ದು.

ವೈದ್ಯರ ಮುಂದೆ ಕೇಳಬೇಕಾದ್ದು

ಯಾಕೆ, ಎಷ್ಟು ದಿನ, ಹೇಗೆ ನಿಲ್ಲಿಸುವುದು. ಮೂರನೆಯದನ್ನು ಯಾರೂ ಕೇಳುವುದಿಲ್ಲ, ಅಲ್ಲೇ ಎಡವಟ್ಟು.

ಈ ಮಾತ್ರೆ ಬೇಕಾಗುವ ಸಂದರ್ಭಗಳು ಖಂಡಿತ ಇವೆ. ಫಿಟ್ಸ್ ನಿಲ್ಲದೆ ಬರುತ್ತಿದ್ದಾಗ ಲೊರಜೆಪಾಮ್ ಇಂಜೆಕ್ಷನ್ ಅಥವಾ ಮೂಗಿಗೆ ಹಾಕುವ ಮಿಡಜೋಲಮ್ ಸ್ಪ್ರೇ ಜೀವ ಉಳಿಸುತ್ತದೆ. ಕುಡಿತ ಬಿಡಿಸುವಾಗ ಬರುವ ನಡುಕ, ಭ್ರಮೆ, ಫಿಟ್ಸ್ ತಡೆಯಲು ಕ್ಲೋರ್‌ಡಯಾಜೆಪಾಕ್ಸೈಡ್‌ ಬಳಸುತ್ತಾರೆ. ಪ್ಯಾನಿಕ್ ಆಗಿ ‘ಹಾರ್ಟ್ ಅಟ್ಯಾಕೇ ಆಯಿತು’ ಎಂದು ಓಡಿಬಂದವರಿಗೆ, ದೀರ್ಘಾವಧಿಯ ಔಷಧ ಕೆಲಸ ಶುರುಮಾಡುವವರೆಗೆ ಕೆಲವು ವಾರ ಇದು ಆಸರೆ. ಆದರೆ ಬರೀ ನಿದ್ದೆಗೆ, ಬರೀ ಆತಂಕಕ್ಕೆ ಎರಡರಿಂದ ನಾಲ್ಕು ವಾರ ಸಾಕು ಎಂಬುದು ಹಳೆಯ, ಇಂದಿಗೂ ಸಲ್ಲುವ ಸಲಹೆ.

ನರಗಳ ಗದ್ದಲ ತಗ್ಗಿಸುವ ಗಾಬಾ ಎಂಬ ರಾಸಾಯನಿಕ ಮಿದುಳಿನಲ್ಲೇ ಇದೆ. ಮಾತ್ರೆ ಅದರ ಕೈ ಬಲಪಡಿಸುತ್ತದೆ. ಹೀಗೆ ವಾರಗಟ್ಟಲೆ ಹೊರಗಿನ ನೆರವು ಸಿಕ್ಕಿದರೆ ಮಿದುಳು ಅದಕ್ಕೇ ಒಗ್ಗಿಕೊಳ್ಳುತ್ತದೆ. ಆಗ ಅದೇ ಡೋಸಿಗೆ ನಿದ್ದೆ ಬರುವುದಿಲ್ಲ. ಬಿಟ್ಟರಂತೂ ಇನ್ನೂ ಬರುವುದಿಲ್ಲ.

ತೆಗೆದುಕೊಳ್ಳುವಾಗ

ಮದ್ಯ ಬೇಡವೇ ಬೇಡ. ಎರಡೂ ಸೇರಿದರೆ ಉಸಿರಾಟ ಕುಂದುತ್ತದೆ. ನೋವಿಗೆ ಕೊಡುವ ಟ್ರಮಡಾಲ್‌ನಂಥ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಜೊತೆಗೂ ಅಪಾಯ ಇದೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಇಂಥ ಜೋಡಿಯ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿತು. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ಹುಳುಕಡ್ಡಿಯ ಮಾತ್ರೆ. ಇಟ್ರಕೊನಜೋಲ್ ತೆಗೆದುಕೊಳ್ಳುತ್ತಿದ್ದರೆ ಆಲ್‌ಪ್ರಜೋಲಮ್ ಮೈಯಿಂದ ಬೇಗ ಹೋಗುವುದಿಲ್ಲ, ರಕ್ತದಲ್ಲಿ ಏರುತ್ತದೆ. ಚರ್ಮದ ಡಾಕ್ಟರಿಗೂ ನಿದ್ದೆ ಮಾತ್ರೆಯ ವಿಷಯ ಹೇಳಲೇಬೇಕು.

ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರು ಕಟ್ಟುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಅದನ್ನು ಮುಚ್ಚಿಡದೆ ತಿಳಿಸಬೇಕು. ಮಾತ್ರೆ ನುಂಗಿದ ಮೇಲೆ ಬೈಕ್ ಹತ್ತಬೇಡಿ. ಕ್ಲೊನಜೆಪಾಮ್ ಮೈಯಲ್ಲಿ ಅರ್ಧ ಇಳಿಯಲೇ 30-40 ಗಂಟೆ ಬೇಕು, ಮಾರನೇ ಬೆಳಿಗ್ಗೆಯ ಮಂಪರು ಅದರದ್ದೇ.

ಮನೆಯಲ್ಲಿ ವಯಸ್ಸಾದವರಿದ್ದರೆ ಇನ್ನೂ ಹುಷಾರು. ರಾತ್ರಿ ಮೂತ್ರಕ್ಕೆಂದು ಏಳುತ್ತಾರೆ, ಕಾಲು ತಡವರಿಸುತ್ತದೆ, ಬಿದ್ದು ಸೊಂಟದ ಮೂಳೆ ಮುರಿಯುತ್ತದೆ. ‘ಅಜ್ಜನಿಗೆ ಮರೆವು ಶುರುವಾಗಿದೆ’ ಎಂದು ನರರೋಗ ತಜ್ಞರ ಬಳಿ ಕರೆದೊಯ್ಯುವ ಮುನ್ನ ಅಜ್ಜನ ಮಾತ್ರೆ ಡಬ್ಬಿ ತೆರೆದು ನೋಡಿ.

ನಿಲ್ಲಿಸುವುದು ಹೇಗೆ

ವಿಪರ್ಯಾಸ ಇಲ್ಲಿದೆ. ‘ಇದು ಚಟ’ ಎಂದು ಗೊತ್ತಾದ ಕೂಡಲೇ ಸ್ಟ್ರಿಪ್ ಕಸದ ಬುಟ್ಟಿಗೆ ಎಸೆಯುವವರೇ ಹೆಚ್ಚು ಅಪಾಯಕ್ಕೆ ಸಿಲುಕುವುದು. ತಿಂಗಳುಗಟ್ಟಲೆ ತಿಂದ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಒಂದೆರಡು ದಿನದಲ್ಲಿ ಬೆವರು, ನಡುಕ, ಕಂಗೆಡಿಸುವ ಗಾಬರಿ. ಕೆಲವರಿಗೆ ಫಿಟ್ಸ್. ಕ್ಲೊನಜೆಪಾಮ್‌ನಂಥ, ಮೈಯಿಂದ ನಿಧಾನವಾಗಿ ಇಳಿಯುವ ಮಾತ್ರೆಯಲ್ಲಿ ಇದು ವಾರ ತಡವಾಗಿಯೂ ಕಾಣಿಸಬಹುದು. ತೆಲಂಗಾಣದಲ್ಲಿ ಆಲ್‌ಪ್ರಜೋಲಮ್ ಬೆರೆಸಿದ ಸೇಂದಿಗೆ ಒಗ್ಗಿಹೋದವರು ಅದು ಸಿಗದಿದ್ದಾಗ ಆಸ್ಪತ್ರೆ ಸೇರಿದ ಸುದ್ದಿಗಳ ಹಿಂದಿರುವುದೂ ಇದೇ ಕಾರಣ.

ಆದ್ದರಿಂದ ಇಳಿಸುವುದು ನಿಧಾನವಾಗಿ, ಬರೆದುಕೊಟ್ಟ ವೈದ್ಯರ ಜೊತೆಗೇ. 2025ರ ಅಮೆರಿಕದ ಮಾರ್ಗಸೂಚಿ ಪ್ರತಿ ಎರಡರಿಂದ ನಾಲ್ಕು ವಾರಕ್ಕೆ ಶೇ 5ರಿಂದ 10ರಷ್ಟು ಕಡಿಮೆ ಮಾಡಿ ನೋಡಿ ಎನ್ನುತ್ತದೆ. ಎರಡು ವಾರಕ್ಕೆ ಶೇ 25 ದಾಟಬಾರದು. ದಿನಕ್ಕೆ 1 ಮಿ.ಗ್ರಾಂ ತೆಗೆದುಕೊಳ್ಳುವವರಿಗೆ ಮೊದಲ ಇಳಿಕೆ 0.05ರಿಂದ 0.1 ಮಿ.ಗ್ರಾಂ ಮಾತ್ರ. 0.25ರ ಮಾತ್ರೆಯ ಕಾಲು ತುಂಡು ಸುಮಾರು 0.06. ಇಷ್ಟು ಚಿಕ್ಕ ತುಂಡು ಅಡುಗೆಮನೆ ಚಾಕುವಿಗೆ ಸಿಗುವುದು ಕಷ್ಟ. ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಹೆಸರಿನ ಮುಂದೆ ‘ಎಸ್‌ಆರ್’ (ಔಷಧ ನಿಧಾನವಾಗಿ ಬಿಡುವ ಮಾತ್ರೆ) ಎಂದಿದ್ದರೆ ಕತ್ತರಿಸಲೇಬಾರದು.

‘ಒಂದು ದಿನ ಬಿಟ್ಟು ಒಂದು ದಿನ’ ಎಂಬ ಉಪಾಯ ಮಾಡುವವರಿದ್ದಾರೆ. ಆಲ್‌ಪ್ರಜೋಲಮ್ ಸುಮಾರು 11 ಗಂಟೆಗೆ ಅರ್ಧ ಇಳಿದಿರುತ್ತದೆ. ಅಂದರೆ ಬಿಟ್ಟ ದಿನವೆಲ್ಲ ಒದ್ದಾಟ, ತೆಗೆದುಕೊಂಡ ದಿನ ನಿರಾಳ. ಮಿದುಳಿಗೆ ಇದಕ್ಕಿಂತ ಕೆಟ್ಟ ಪಾಠ ಇನ್ನೊಂದಿಲ್ಲ. ದಿನವೂ ಅದೇ ಹೊತ್ತಿಗೆ, ತುಸು ಕಡಿಮೆ ತೆಗೆದುಕೊಳ್ಳುವುದೇ ಸರಿ. ತೀರಾ ಕಷ್ಟವಾದರೆ ವೈದ್ಯರು ನಿಧಾನದ ಮಾತ್ರೆಗೆ ಬದಲಿಸಿ ಇಳಿಸುತ್ತಾರೆ, ಅಥವಾ ಇನ್ನಷ್ಟು ಇಳಿಸದೆ ಅದೇ ಡೋಸನ್ನು ಕೆಲವು ವಾರ ಮುಂದುವರಿಸುತ್ತಾರೆ. ಇಳಿಸಿದ ವಾರ ನಿದ್ದೆ ಕೆಟ್ಟರೆ ‘ಕಾಯಿಲೆ ಮರುಕಳಿಸಿತು’ ಎಂದು ಹೆದರಿ ಹಳೆಯ ಡೋಸಿಗೆ ಓಡಬೇಡಿ. ಹೆಚ್ಚಿನಂಶ ಅದು ಬಿಡುವಾಗಿನ ತೊಂದರೆ. ಈ ಹೊತ್ತಿನಲ್ಲಿ ನಿದ್ರಾಹೀನತೆಗೆಂದೇ ಇರುವ ಸಿಬಿಟಿ (ಯೋಚನೆ, ಅಭ್ಯಾಸ ತಿದ್ದುವ ಮಾತಿನ ಚಿಕಿತ್ಸೆ) ಜೊತೆಗಿದ್ದರೆ ದಾರಿ ಸುಲಭ.

ಮೂರ್ಛೆರೋಗಕ್ಕೆಂದು ಕ್ಲೊಬಜಾಮ್, ಕ್ಲೊನಜೆಪಾಮ್ ತೆಗೆದುಕೊಳ್ಳುವವರಿಗೆ ಮೇಲಿನ ಲೆಕ್ಕ ಅನ್ವಯಿಸದು. ಅವರು ಒಂದು ಡೋಸನ್ನೂ ತಾವಾಗಿ ತಪ್ಪಿಸಬಾರದು.

ಅಂಗಡಿ, ಸಹಾಯವಾಣಿ, ಆಸ್ಪತ್ರೆ

ಆಲ್‌ಪ್ರಜೋಲಮ್, ಡಯಾಜೆಪಾಮ್ 2014ರ ಮಾರ್ಚ್‌ನಿಂದ ಷೆಡ್ಯೂಲ್ ಎಚ್‌1ರಲ್ಲಿವೆ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿ. ಬರೆದ ವೈದ್ಯರು, ರೋಗಿ, ಕೊಟ್ಟ ಪ್ರಮಾಣ ಎಲ್ಲವನ್ನೂ ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಕೇಳಿದರೆ ಅವರ ಮೇಲೆ ರೇಗಬೇಡಿ.

ಯಾರಲ್ಲಿ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಮಾತ್ರೆ ಹೆಚ್ಚಾಗಿ ನುಂಗಿ ಕರೆದರೂ ಏಳದಿದ್ದರೆ, ಉಸಿರು ಮೆಲ್ಲಗಾಗಿದ್ದರೆ, ಫಿಟ್ಸ್ ಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ವಾಂತಿ ಮಾಡಿಸಲು ಹೋಗಬೇಡಿ, ಕಾಫಿ ಕುಡಿಸಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಖಾಲಿ ಸ್ಟ್ರಿಪ್ ಜೊತೆಗೆ ಒಯ್ಯಿರಿ.